ಎಳೆಯ ನಕ್ಷತ್ರಗಳ ಸುತ್ತ ಬದಲಾಗುವ ಧೂಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಹಗಳು ರೂಪುಗೊಳ್ಳುತ್ತಿರುವ ತಟ್ಟೆಗಳಲ್ಲಿನ ಧೂಳನ್ನು ಅಳೆಯಲು ಹೊರಟ ವಿದ್ಯಾರ್ಥಿಗಳು ಮತ್ತು ಹವ್ಯಾಸಿ ವೀಕ್ಷಕರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳು ಇಲ್ಲಿವೆ. ದೂರದರ್ಶಕ ನಮಗೆ ಕೊಡುವುದು ಬೆಳಕಿನ ಬದಲಾವಣೆಯನ್ನು. ಅದನ್ನು ಧೂಳಿನ ಬದಲಾವಣೆ ಎನ್ನಲು ಏನೇನು ಪುರಾವೆ ಬೇಕು ಎಂಬುದೇ ಈ ಉತ್ತರಗಳಲ್ಲೆಲ್ಲ ಮರಳಿ ಬರುವ ವಿಷಯ.

ತಟ್ಟೆಯಲ್ಲಿ ಧೂಳು ಎಷ್ಟಿರುತ್ತದೆ?

ತೂಕದಲ್ಲಿ ನೂರಕ್ಕೆ ಒಂದು ಪಾಲು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಉಳಿದದ್ದು ಅನಿಲ, ಅದರಲ್ಲೂ ಬಹುಪಾಲು ಹೈಡ್ರೋಜನ್. ಆದರೆ ನಕ್ಷತ್ರದ ಬೆಳಕನ್ನು ಹೀರಿ ಅವಗೆಂಪಿನಲ್ಲಿ ಮರಳಿ ಸೂಸುವ ಕೆಲಸವೆಲ್ಲ ಈ ಒಂದು ಪಾಲಿನದು. ತಟ್ಟೆಯ ತಾಪವನ್ನು ನಿರ್ಧರಿಸುವುದೂ ಅದೇ, ಮುಂದೆ ಕಲ್ಲಿನ ಗ್ರಹಗಳಾಗುವುದೂ ಅದೇ.

ತಟ್ಟೆ ಲಕ್ಷಾಂತರ ವರ್ಷ ಬಾಳುತ್ತದೆ. ಹಾಗಿದ್ದ ಮೇಲೆ ವಾರದೊಳಗೆ ಬದಲಾವಣೆ ಕಾಣುವುದು ಹೇಗೆ?

ಇಡೀ ತಟ್ಟೆಯ ಆಯುಷ್ಯ ಕೆಲವು ದಶಲಕ್ಷ ವರ್ಷ, ನಿಜ. ಆದರೆ ಒಳ ಅಂಚಿನ ಕಾಲಮಾನವೇ ಬೇರೆ. ಸೂರ್ಯನಷ್ಟು ತೂಕದ ನಕ್ಷತ್ರದಿಂದ 0.1 ಖಗೋಳಮಾನ (ಒಂದು ಖಗೋಳಮಾನವೆಂದರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ) ದೂರದಲ್ಲಿರುವ ಧೂಳು ಸುಮಾರು 11.5 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ, 0.05 ಖಗೋಳಮಾನದಲ್ಲಿ ಸುಮಾರು 4 ದಿನಕ್ಕೆ. ನಕ್ಷತ್ರದ ತೂಕ ಸೂರ್ಯನ ಅರ್ಧದಷ್ಟಿದ್ದರೆ ಈ ಅವಧಿಗಳನ್ನು 1.4ರಿಂದ ಗುಣಿಸಿಕೊಳ್ಳಿ. ಇದಕ್ಕಿಂತ ತೀರ ಒಳಗೆ ಧೂಳು ಉಳಿಯಲಾರದು, ಏಕೆಂದರೆ ಸುಮಾರು 1500 ಕೆಲ್ವಿನ್ ಮುಟ್ಟುವಷ್ಟರಲ್ಲಿ ಸಿಲಿಕೇಟ್ (ಕಲ್ಲಿನ ಖನಿಜ) ಕಣಗಳು ಆವಿಯಾಗುತ್ತವೆ.

ಹಾಗಾಗಿ ದಿನ ಅಥವಾ ವಾರಗಳ ಏರಿಳಿತ ಕಂಡರೆ ಮೊದಲು ಒಳ ಅಂಚಿನ ಮೇಲೆ ಅನುಮಾನಪಡಿ. 30 ಖಗೋಳಮಾನ ದೂರದ ವಸ್ತು ಒಂದು ಸುತ್ತು ಬರಲು 160 ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ವಾರದೊಳಗೆ ಏನಾದರೂ ಬದಲಾಯಿತೆಂದರೆ ಧೂಳು ಅಲ್ಲಿಂದ ಕದಲಿಲ್ಲ, ಅದರ ಮೇಲೆ ಬೀಳುವ ಬೆಳಕು ಬದಲಾಗಿದೆ.

ನಕ್ಷತ್ರ ಮಂಕಾದರೆ ಧೂಳು ಹೆಚ್ಚಾಯಿತು ಎಂದು ಹೇಳಬಹುದೇ?

ಬೇಡ. ಈ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಮಂಕಾಗಲು ಕನಿಷ್ಠ ಮೂರು ದಾರಿಗಳಿವೆ. ಮೊದಲಿನಿಂದಲೂ ಇದ್ದ ಧೂಳು ನಮ್ಮ ದೃಷ್ಟಿರೇಖೆಗೆ ಅಡ್ಡ ಬಂದಿರಬಹುದು. ನಕ್ಷತ್ರದ ಮೇಲೆ ಅನಿಲ ಸುರಿದು ಉಂಟಾಗುವ ಬಿಸಿ ಚುಕ್ಕೆ ಆಚೆ ಬದಿಗೆ ತಿರುಗಿರಬಹುದು, ಅಥವಾ ಸುರಿತವೇ ತಗ್ಗಿರಬಹುದು. ನಕ್ಷತ್ರದ ತಣ್ಣನೆಯ ಕಲೆಗಳು ಎದುರಿಗೆ ಬಂದಿರಬಹುದು. ಈ ಮೂರರಲ್ಲಿ ಒಂದರಲ್ಲಿ ಮಾತ್ರ ಧೂಳಿನ ಕೈವಾಡವಿದೆ, ಅದರಲ್ಲೂ ಧೂಳಿನ ಒಟ್ಟು ಪ್ರಮಾಣ ಎಳ್ಳಷ್ಟೂ ಬದಲಾಗಿರಬೇಕಿಲ್ಲ.

ವೃಷಭ ರಾಶಿಯ ಎಎ ಟೌ ಎಂಬ ಎಳೆಯ ನಕ್ಷತ್ರ ಇದಕ್ಕೆ ಒಳ್ಳೆಯ ಪಾಠ. ಅದು 8.2 ದಿನಕ್ಕೊಮ್ಮೆ ಮಂಕಾಗುತ್ತಿತ್ತು. ನಕ್ಷತ್ರದ ಓರೆ ಕಾಂತಕ್ಷೇತ್ರ ತಟ್ಟೆಯ ಒಳ ಅಂಚನ್ನು ಒಂದು ಕಡೆ ಮೇಲೆತ್ತಿ ಬಾಗಿಸಿದೆ, ಆ ಉಬ್ಬು ಸುತ್ತುವಾಗ ಪ್ರತಿ ಬಾರಿಯೂ ನಕ್ಷತ್ರವನ್ನು ಮರೆಮಾಡುತ್ತದೆ ಎಂಬುದು ಅದಕ್ಕೆ ಸಿಕ್ಕ ವಿವರಣೆ. 2011ರಲ್ಲಿ ಅದೇ ನಕ್ಷತ್ರ ಮತ್ತೆ ಸುಮಾರು 2 ಕಾಂತಿಮಾನದಷ್ಟು (ಹೊಳಪಿನ ಅಳತೆಗೋಲು; ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಕುಸಿದು, ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಈ ಸಲ ಅಡ್ಡ ಬಂದದ್ದು ಇನ್ನೂ ಹೊರಗಿನ ಧೂಳು. ಒಂದೇ ನಕ್ಷತ್ರ, ಎರಡು ಕಾಲಮಾನ, ಎರಡು ಬೇರೆ ಜಾಗ. ಒಳ ಅಂಚು ನಮಗೆ ಬಹುತೇಕ ಅಡ್ಡಲಾಗಿ ಕಾಣುವಂತಿದ್ದರೂ ಹೊರ ತಟ್ಟೆಯ ಓರೆ ಸುಮಾರು 59 ಡಿಗ್ರಿ ಮಾತ್ರ ಎಂದು ಚಿಲಿಯ ರೇಡಿಯೊ ದೂರದರ್ಶಕ ಸಮೂಹ ಆಲ್ಮಾದ ಚಿತ್ರಗಳು ತೋರಿಸಿವೆ. ತಟ್ಟೆಯೆಂದರೆ ಸಪಾಟಾದ ಒಂದೇ ಹಲಗೆ ಎಂಬ ಕಲ್ಪನೆಯನ್ನು ಬಿಡಲು ಇದೊಂದೇ ಸಾಕು.

ಮರೆಮಾಡಿದ್ದು ಧೂಳೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಬಣ್ಣ ಅಳೆಯಿರಿ. ನಕ್ಷತ್ರಗಳ ನಡುವಿನ ಸಾಮಾನ್ಯ ಧೂಳಿನಲ್ಲಿ ವಿ ಫಿಲ್ಟರ್‌ನಲ್ಲಿ 1 ಕಾಂತಿಮಾನ ಇಳಿದರೆ ಬಿ (ನೀಲಿ) ಮತ್ತು ವಿ (ಹಸಿರು-ಹಳದಿ) ನಡುವಿನ ಅಂತರ ಸುಮಾರು 0.32 ಹೆಚ್ಚುತ್ತದೆ, ಅಂದರೆ ನಕ್ಷತ್ರ ಕೆಂಪಾಗುತ್ತದೆ. ಕಣಗಳು ದೊಡ್ಡದಾಗಿದ್ದರೆ ಕೆಂಪಾಗುವಿಕೆ ಕಡಿಮೆ, ಸುಮಾರು 0.2ರ ಹತ್ತಿರ. ಬಣ್ಣ ಬದಲಾಗದೆ ಬೆಳಕು ಮಾತ್ರ ಇಳಿದರೆ, ಒಂದೋ ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್‌ಗಿಂತ ಎಷ್ಟೋ ದೊಡ್ಡವು, ಇಲ್ಲವೇ ಪೂರ್ತಿ ಅಪಾರದರ್ಶಕವಾದ ಮೋಡವೊಂದು ನಕ್ಷತ್ರದ ಒಂದು ಭಾಗವನ್ನು ಮುಚ್ಚಿದೆ.

ತೊಡಕೆಂದರೆ, ಬಿಸಿ ಚುಕ್ಕೆ ಮರೆಯಾದಾಗಲೂ ನಕ್ಷತ್ರ ಕೆಂಪಾಗುತ್ತದೆ, ಎಷ್ಟು ಮಂಕಿಗೆ ಎಷ್ಟು ಕೆಂಪು ಎಂಬ ಇಳಿಜಾರೂ ಹೆಚ್ಚುಕಡಿಮೆ ಅದೇ. ಬಿ ಮತ್ತು ವಿ ಎರಡನ್ನೇ ನಂಬಿ ತೀರ್ಪು ಕೊಟ್ಟವರು ಎಡವುವುದು ಇಲ್ಲಿ. ಬಿಡಿಸುವ ದಾರಿ ಸಮೀಪದ ಅವಗೆಂಪು: ಸಾಮಾನ್ಯ ಧೂಳು ಅಡ್ಡ ಬಂದರೆ 2.2 ಮೈಕ್ರಾನ್‌ನ ಕೆ ಫಿಲ್ಟರ್‌ನಲ್ಲಿ ಇಳಿತ ವಿ ಇಳಿತದ ಸುಮಾರು ಒಂಬತ್ತನೇ ಒಂದು ಪಾಲು ಇರಬೇಕು. ಅದೇ ರಾತ್ರಿ ಹೈಡ್ರೋಜನ್‌ನ ಆಲ್ಫಾ ರೇಖೆಯನ್ನೂ ನೋಡಿದರೆ ಅನಿಲ ಸುರಿತ ಏರಿಳಿಯಿತೇ ಎಂಬುದು ತಿಳಿಯುತ್ತದೆ.

ಯುಎಕ್ಸ್ ಓರಿಯಾನಿಸ್ ಬಗೆಯ ನಕ್ಷತ್ರಗಳಲ್ಲಿ ಇನ್ನೊಂದು ತಿರುವಿದೆ. ಮಂಕಾಗುತ್ತಾ ಮೊದಲು ಕೆಂಪಾಗುವ ನಕ್ಷತ್ರ ತೀರ ಆಳದ ಇಳಿತದಲ್ಲಿ ಮರಳಿ ನೀಲಿಯಾಗುತ್ತದೆ. ನೇರ ಬೆಳಕು ಬಹುಪಾಲು ಮುಚ್ಚಿಹೋದ ಮೇಲೆ ಉಳಿಯುವುದು ತಟ್ಟೆಯ ಸಣ್ಣ ಕಣಗಳು ಚದುರಿಸಿದ ಬೆಳಕು, ಅದು ನೀಲಿ. ಆ ಹೊತ್ತಿಗೆ ಧ್ರುವೀಕರಣವೂ (ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ) ಏರುತ್ತದೆ. ಈ ಎರಡೂ ಒಟ್ಟಿಗೆ ಕಂಡರೆ ಧೂಳಿನ ಮರೆ ಎಂದು ಧೈರ್ಯವಾಗಿ ಹೇಳಬಹುದು.

ಯಾವ ಅಲೆಯುದ್ದದಲ್ಲಿ ತಟ್ಟೆಯ ಯಾವ ಭಾಗ ಕಾಣುತ್ತದೆ?

ಗೋಚರ ಬೆಳಕಿನಲ್ಲಿ ನಕ್ಷತ್ರ, ಅದನ್ನು ಮರೆಮಾಡುವ ಧೂಳು ಮತ್ತು ಚದುರಿದ ಬೆಳಕು. 2ರಿಂದ 5 ಮೈಕ್ರಾನ್‌ನಲ್ಲಿ ಸಾವಿರ ಕೆಲ್ವಿನ್ ಆಸುಪಾಸಿನ ಒಳ ಅಂಚು. 10 ಮೈಕ್ರಾನ್‌ನಲ್ಲಿ ಕೆಲವು ನೂರು ಕೆಲ್ವಿನ್‌ನ ಮೇಲ್ಪದರ, ಸೂರ್ಯನಂಥ ನಕ್ಷತ್ರಕ್ಕಾದರೆ ಹೆಚ್ಚುಕಡಿಮೆ ಒಂದು ಖಗೋಳಮಾನದ ಒಳಹೊರಗು. ಮಿಲಿಮೀಟರ್ ಅಲೆಗಳಲ್ಲಿ ನಡುಪದರಕ್ಕೆ ಇಳಿದ, ಮಿಲಿಮೀಟರ್ ಗಾತ್ರದ ತಣ್ಣನೆಯ ಕಣಗಳು.

10 ಮೈಕ್ರಾನ್‌ನಲ್ಲಿ ಕಾಣುವುದು ಮೇಲ್ಪದರ ಮಾತ್ರ ಎಂಬುದನ್ನು ಗುರುತು ಹಾಕಿಕೊಳ್ಳಿ. ಕೆಳಗೆ ಅಡಗಿರುವ ಧೂಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೇಲ್ಪದರದ ಕಣಗಳು ಕಲಕಿ ಕೆಳಗಿಳಿದು ಹೊಸವು ಮೇಲೆ ಬಂದರೆ, ಒಟ್ಟು ಧೂಳು ಹಾಗೆಯೇ ಇದ್ದರೂ ರೋಹಿತ (ಅಲೆಯುದ್ದವಾರು ಬಿಡಿಸಿದ ಬೆಳಕು) ಬದಲಾಗುತ್ತದೆ.

ಅವಗೆಂಪಿನ ಒಂದು ತುದಿ ಏರಿದಾಗ ಇನ್ನೊಂದು ತುದಿ ಇಳಿಯುತ್ತದೆ ಎನ್ನುತ್ತಾರೆ. ಏನದು?

ಐಸಿ 348 ನಕ್ಷತ್ರಗುಚ್ಛದ ಎಲ್‌ಆರ್‌ಎಲ್‌ಎಲ್ 31 ಎಂಬ ನಕ್ಷತ್ರವನ್ನು ಸ್ಪಿಟ್ಜರ್ ದೂರದರ್ಶಕ ಮತ್ತೆ ಮತ್ತೆ ನೋಡಿದಾಗ ಇದು ಎದ್ದು ಕಂಡಿತು, 2009ರಲ್ಲಿ ಪ್ರಕಟವಾಯಿತು. ಸುಮಾರು 8ರಿಂದ 9 ಮೈಕ್ರಾನ್ ಹತ್ತಿರ ಅಚ್ಚು ನೆಟ್ಟ ಏತದ ಹಾಗೆ, ಅದಕ್ಕಿಂತ ಕಡಿಮೆ ಅಲೆಯುದ್ದದಲ್ಲಿ ಹೊಳಪು ಏರಿದಾಗ ಹೆಚ್ಚಿನ ಅಲೆಯುದ್ದದಲ್ಲಿ ಇಳಿಯುತ್ತದೆ. ಇದು ದಿನಗಳಿಂದ ವಾರಗಳಲ್ಲಿ ನಡೆಯುತ್ತದೆ.

ಒಳ ಅಂಚಿನ ಎತ್ತರ ಹೆಚ್ಚಾದರೆ ಅದು ಹೆಚ್ಚು ಬೆಳಕು ಹೀರಿ ಕಡಿಮೆ ಅಲೆಯುದ್ದದಲ್ಲಿ ಹೆಚ್ಚು ಹೊಳೆಯುತ್ತದೆ. ಅದೇ ಹೊತ್ತಿಗೆ ಹಿಂದಿನ ತಟ್ಟೆಯ ಮೇಲೆ ನೆರಳು ಬೀಳುತ್ತದೆ, ದೂರದ ಧೂಳು ತಣ್ಣಗಾಗಿ ಮಂಕಾಗುತ್ತದೆ. ಎತ್ತರ ತಗ್ಗಿದರೆ ಉಲ್ಟಾ. ಇದಕ್ಕೆ ಹೊಸ ಧೂಳೇನೂ ಬೇಕಿಲ್ಲ, ಇರುವುದೇ ಎತ್ತರ ಬದಲಿಸಿದರೆ ಸಾಕು. ಎತ್ತರವನ್ನು ಬದಲಿಸುವುದು ಕಾಂತಕ್ಷೇತ್ರವೋ, ಒಳಗಡೆಯ ಗ್ರಹ ಅಥವಾ ಜೊತೆ ನಕ್ಷತ್ರವೋ ಎಂಬುದನ್ನು ಪ್ರತಿ ನಕ್ಷತ್ರಕ್ಕೂ ಬೇರೆಯಾಗಿಯೇ ಕೇಳಬೇಕು. ಬರೀ 3.6 ಮತ್ತು 4.5 ಮೈಕ್ರಾನ್ ಅಳತೆಗಳಿದ್ದವರಿಗೆ ಏತದ ಒಂದೇ ತುದಿ ಕಾಣುತ್ತದೆ. ಅವರು ಧೂಳು ಹೆಚ್ಚಾಯಿತು ಎಂದು ಬರೆದರೆ ಅಚ್ಚರಿಯಿಲ್ಲ, ಆದರೆ ಅದು ತಪ್ಪಾಗಿರಬಹುದು.

10 ಮೈಕ್ರಾನ್ ಸಿಲಿಕೇಟ್ ಉಬ್ಬನ್ನು ಓದುವುದು ಹೇಗೆ?

ಮೊದಲು ಉಬ್ಬಿನ ಎರಡೂ ಬದಿಯ ನಿರಂತರ ಬೆಳಕನ್ನು (ಉಬ್ಬಿಲ್ಲದ ಹಿನ್ನೆಲೆ ಹೊಳಪನ್ನು) ಗುರುತಿಸಿ, ನಡುವೆ ಗೆರೆ ಎಳೆದು, ರೋಹಿತವನ್ನು ಅದರಿಂದ ಭಾಗಿಸಿ. ಆಮೇಲೆ ಆಕಾರ ನೋಡಿ. 9.7 ಮೈಕ್ರಾನ್ ಸುತ್ತ ಚೂಪಾದ, ತ್ರಿಕೋನದಂಥ ಉಬ್ಬಿದ್ದರೆ ಕಣಗಳು ಮೈಕ್ರಾನ್‌ಗಿಂತ ಸಣ್ಣವು, ಹರಳುಗಟ್ಟದವು. ಉಬ್ಬು ಚಪ್ಪಟೆಯಾಗಿ ಅಗಲವಾದರೆ ಒಂದೆರಡು ಮೈಕ್ರಾನ್ ಗಾತ್ರದವು. ಗಾತ್ರ ಅದಕ್ಕೂ ಎಷ್ಟೋ ದೊಡ್ಡದಾದರೆ ಉಬ್ಬೇ ಅಳಿಸಿಹೋಗುತ್ತದೆ. 11.3 ಮೈಕ್ರಾನ್ ಬಳಿ ಭುಜದಂತೆ ಎದ್ದರೆ ಫಾರ್‌ಸ್ಟರೈಟ್ ಎಂಬ ಮೆಗ್ನೀಸಿಯಂ ಸಿಲಿಕೇಟ್ ಹರಳು.

ಎಡವುವ ಕಡೆಗಳು ಮೂರು. ಗೆರೆ ಎಳೆಯುವ ಜಾಗ ಸ್ವಲ್ಪ ಸರಿದರೂ ಉಬ್ಬಿನ ಎತ್ತರ ಬದಲಾಗುತ್ತದೆ, ಆದ್ದರಿಂದ ಎರಡು ಕಾಲದ ರೋಹಿತಗಳನ್ನು ಹೋಲಿಸುವಾಗ ಒಂದೇ ಅಲೆಯುದ್ದಗಳಲ್ಲಿ ಗೆರೆ ಊರಬೇಕು. ಎರಡನೆಯದು, ಇಂಗಾಲದ ಉಂಗುರ ಅಣುಗಳ ಗುಂಪೂ 11.3 ಮೈಕ್ರಾನ್‌ನಲ್ಲೇ ಹೊಳೆಯುತ್ತದೆ. ಅವು 6.2, 7.7 ಮತ್ತು 8.6ರಲ್ಲೂ ಕಾಣಬೇಕು. ಅಲ್ಲಿ ಏನೂ ಇಲ್ಲದೆ, 16, 19, 23.5 ಮತ್ತು 33.5 ಮೈಕ್ರಾನ್ ಬಳಿ ಸಣ್ಣ ಶಿಖರಗಳಿದ್ದರೆ ಅದು ಹರಳೇ. ಮೂರನೆಯದು ತೀರ ಸೂಕ್ಷ್ಮ: ಒಳ ಅಂಚಿನ ನಿರಂತರ ಬೆಳಕು ಮಾತ್ರ ಏರಿದರೆ ಅದರಿಂದ ಭಾಗಿಸಿದ ಉಬ್ಬು ತಗ್ಗಿದಂತೆ ಕಾಣುತ್ತದೆ. ಕಣ ಬೆಳೆಯಿತು ಎನ್ನುವ ಮೊದಲು ಭಾಗಿಸುವ ಬದಲು ಕಳೆದೂ ನೋಡಿ.

ಧೂಳಿನ ಗುಣವೇ ಬದಲಾಗುವುದನ್ನು ಯಾರಾದರೂ ನೇರವಾಗಿ ಕಂಡಿದ್ದಾರೆಯೇ?

ಕಂಡಿದ್ದಾರೆ. ಇಎಕ್ಸ್ ಲೂಪಿ ನಕ್ಷತ್ರ 2008ರಲ್ಲಿ ಭುಗಿಲೆದ್ದು ಸುಮಾರು 5 ಕಾಂತಿಮಾನ, ಅಂದರೆ ನೂರು ಪಟ್ಟು ಹೊಳಪೇರಿತು. ಆ ವರ್ಷದ ಏಪ್ರಿಲ್‌ನಲ್ಲಿ ಸ್ಪಿಟ್ಜರ್ ತೆಗೆದ ರೋಹಿತದಲ್ಲಿ ಫಾರ್‌ಸ್ಟರೈಟ್ ಹರಳಿನ ಗುರುತು ಸ್ಪಷ್ಟವಾಗಿತ್ತು. ಶಾಂತವಾಗಿದ್ದಾಗ ತೆಗೆದ ಹಳೆಯ ರೋಹಿತದಲ್ಲಿ ಅದು ಇರಲಿಲ್ಲ. ಸುಮಾರು 1000 ಕೆಲ್ವಿನ್ ದಾಟಿದರೆ ಹರಳುಗಟ್ಟದ ಸಿಲಿಕೇಟಿನ ಅಣುಗಳು ಮರುಜೋಡಣೆಗೊಂಡು ಹರಳಾಗುತ್ತವೆ. ಭುಗಿಲಿನ ಶಾಖ ತಟ್ಟೆಯ ಒಳಭಾಗದ ಮೇಲ್ಪದರವನ್ನು ಹದಗಾಯಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಂತರದ ವರ್ಷಗಳಲ್ಲಿ ಒಳಭಾಗದ ಹರಳಿನ ಗುರುತು ಕುಂದಿತು. ಹರಳುಗಳು ಮತ್ತೆ ಗಾಜಿನಂತಾದವೇ, ಮೇಲ್ಪದರದಿಂದ ಕೆಳಗಿಳಿದವೇ, ಹೊರಗೆ ಸಾಗಿದವೇ? 2022ರಲ್ಲಿ ವೆಬ್ ದೂರದರ್ಶಕ ಅದೇ ತಟ್ಟೆಯ ಹೊರಗಿನ, ಹೆಚ್ಚು ತಣ್ಣನೆಯ ಭಾಗದಲ್ಲಿ ಹರಳುಗಳನ್ನು ಗುರುತಿಸಿತು. ಅಂದರೆ ಒಂದು ಪಾಲಾದರೂ ಹೊರಗೆ ಸಾಗಿದೆ. ನಮ್ಮ ಸೌರಮಂಡಲದ ಹಳೆಯ ಒಗಟೊಂದಕ್ಕೆ ಇದು ನೇರ ಸಂಬಂಧಿ: ಹೇಲ್-ಬಾಪ್ ಧೂಮಕೇತುವಿನ ರೋಹಿತದಲ್ಲೂ, ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ಭೂಮಿಗೆ ತಂದ ವೈಲ್ಡ್ 2 ಧೂಮಕೇತುವಿನ ಕಣಗಳಲ್ಲೂ ಬಿಸಿಯಲ್ಲಿ ಮಾತ್ರ ಹುಟ್ಟುವ ಹರಳುಗಳಿದ್ದವು. ಮಂಜುಗಡ್ಡೆಯ ನಾಡಿನಲ್ಲಿ ಹುಟ್ಟಿದ ಕಾಯಗಳ ಒಳಗೆ ಬೆಂದ ಕಲ್ಲಿನ ಪುಡಿ! ಈ ಕ್ಷೇತ್ರದಲ್ಲಿ ಇದಕ್ಕಿಂತ ಸೊಗಸಾದ ಸರಪಣಿ ನಮಗೆ ಕಂಡಿಲ್ಲ.

ಕಣಗಳು ಬೆಳೆದು ದೊಡ್ಡದಾಗುವುದನ್ನು ಹೀಗೆ ನೋಡಬಹುದೇ?

ಒಂದೇ ತಟ್ಟೆಯಲ್ಲಿ, ಮನುಷ್ಯನ ಆಯುಷ್ಯದೊಳಗೆ, ಇಲ್ಲ. ಬೇರೆ ಬೇರೆ ವಯಸ್ಸಿನ ತಟ್ಟೆಗಳನ್ನು ಹೋಲಿಸಿ ಊಹಿಸಬೇಕು.

ಟಿಡಬ್ಲ್ಯು ಹೈಡ್ರೇ ಎಂಬ ಎಳೆಯ ನಕ್ಷತ್ರದ ತಟ್ಟೆಯಲ್ಲಿ ತಿರುಗುವ ಕತ್ತಲೆ ಧೂಳಿನ ಮೋಡವೇ?

ಅದು ನೆರಳು. ಹಬಲ್ ಚಿತ್ರಗಳನ್ನು ವರ್ಷವರ್ಷ ಜೋಡಿಸಿ ನೋಡಿದಾಗ ಹೊರ ತಟ್ಟೆಯ ಮಂಕು ಭಾಗ ಸುಮಾರು 16 ವರ್ಷಕ್ಕೊಂದು ಸುತ್ತು ಬರುವ ವೇಗದಲ್ಲಿ ಸರಿಯುತ್ತಿರುವುದು ತಿಳಿಯಿತು. 70 ಖಗೋಳಮಾನ ದೂರದಲ್ಲಿರುವ ವಸ್ತು ತಾನೇ ಸುತ್ತಲು 600 ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ಅಲ್ಲಿ ಚಲಿಸುತ್ತಿರುವುದು ವಸ್ತುವಲ್ಲ, ಓರೆಯಾಗಿ ಕುಳಿತ ಒಳ ತಟ್ಟೆಯ ನೆರಳು. 2021ರ ಚಿತ್ರಗಳಲ್ಲಿ ಎರಡನೆಯ ನೆರಳೂ ಕಂಡಿತು, ಒಳಗೆ ಓರೆಯಾದ ಭಾಗಗಳು ಎರಡು ಇರಬಹುದೆಂಬ ವಾದ ಅಲ್ಲಿಂದ ಬಂತು. ಯಾವುದೇ ಚಲನೆ ಕಂಡಾಗ ಮೊದಲು ಆ ದೂರದ ಸುತ್ತುವ ಅವಧಿಯನ್ನು ಲೆಕ್ಕಹಾಕುವ ಅಭ್ಯಾಸ ಮಾಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಒಳ ಅಂಚಿನ ದೂರವನ್ನು ಬೆಳಕಿನ ವಿಳಂಬದಿಂದ ಅಳೆಯಲು ಸಾಧ್ಯವೇ?

ಸಾಧ್ಯ. ಬೆಳಕು ಒಂದು ಖಗೋಳಮಾನ ಸಾಗಲು 499 ಸೆಕೆಂಡು ಬೇಕು. ವೈಎಲ್‌ಡಬ್ಲ್ಯು 16ಬಿ ಎಂಬ ಎಳೆಯ ನಕ್ಷತ್ರದಲ್ಲಿ ಸಮೀಪದ ಅವಗೆಂಪಿನ ಏರಿಳಿತದ ನಂತರ ಸುಮಾರು 74 ಸೆಕೆಂಡು ತಡವಾಗಿ 4.5 ಮೈಕ್ರಾನ್ ಏರಿಳಿತ ಬಂತು. ಓರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಳ ಅಂಚು ಸುಮಾರು 0.08 ಖಗೋಳಮಾನದಲ್ಲಿದೆ ಎಂದಾಯಿತು. ಇದಕ್ಕೆ ನೆಲದ ಮತ್ತು ಬಾಹ್ಯಾಕಾಶದ ದೂರದರ್ಶಕಗಳು ಒಂದೇ ಹೊತ್ತಿನಲ್ಲಿ, ಕೆಲವೇ ಸೆಕೆಂಡಿಗೊಂದು ಚಿತ್ರ ತೆಗೆಯಬೇಕು.

ಮಿಲಿಮೀಟರ್ ಅಲೆಯ ಅಳತೆಯಿಂದ ಧೂಳಿನ ತೂಕ ಹೇಗೆ ಬರುತ್ತದೆ?

ಹರಿವನ್ನು (ನಮ್ಮನ್ನು ತಲುಪುವ ಬೆಳಕಿನ ಪ್ರಮಾಣವನ್ನು) ದೂರದ ವರ್ಗದಿಂದ ಗುಣಿಸಿ. ಬಂದದ್ದನ್ನು ಧೂಳಿನ ಅಪಾರದರ್ಶಕತೆಯಿಂದಲೂ ಆ ತಾಪದ ಪ್ಲಾಂಕ್ ಮೌಲ್ಯದಿಂದಲೂ (ಆ ತಾಪದ ಕಪ್ಪು ಕಾಯ ಸೂಸುವ ಹೊಳಪಿನಿಂದಲೂ) ಭಾಗಿಸಿ. 140 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ) ದೂರದ ತಟ್ಟೆ 230 ಗಿಗಾಹರ್ಟ್ಸ್‌ನಲ್ಲಿ 100 ಮಿಲಿಜಾನ್ಸ್ಕಿ (ರೇಡಿಯೊ ಹರಿವಿನ ಮಾನ) ಕೊಟ್ಟರೆ, ಗ್ರಾಮಿಗೆ 2.3 ಚದರ ಸೆಂಟಿಮೀಟರ್ ಅಪಾರದರ್ಶಕತೆ ಮತ್ತು 20 ಕೆಲ್ವಿನ್ ಹಿಡಿದಾಗ, ಧೂಳು ಸುಮಾರು 56 ಭೂಮಿಗಳಷ್ಟು.

ತಾಪವನ್ನು 30 ಕೆಲ್ವಿನ್ ಎಂದು ಹಿಡಿದರೆ ಅದೇ ಹರಿವಿಗೆ ಸುಮಾರು 34 ಭೂಮಿ. ನಕ್ಷತ್ರ ಭುಗಿಲೆದ್ದು ತಟ್ಟೆ ಬಿಸಿಯಾದರೆ ಮಿಲಿಮೀಟರ್ ಹೊಳಪು ಏರುತ್ತದೆ, ತಾಪ ಬದಲಿಸದೆ ಲೆಕ್ಕಹಾಕಿದವರಿಗೆ ಧೂಳು ಹುಟ್ಟಿಬಂದಂತೆ ಕಾಣುತ್ತದೆ. ತಟ್ಟೆಯ ಒಳಭಾಗ ಅಪಾರದರ್ಶಕವಾಗಿದ್ದರೆ ಬರುವ ತೂಕ ಕನಿಷ್ಠ ಮಿತಿ ಮಾತ್ರ. ಇನ್ನೊಂದು ಮೋಸ, ಕಾಂತೀಯ ಸ್ಫೋಟ: ಡಿಕ್ಯು ಟೌ ಎಂಬ 15.8 ದಿನದ ಜೋಡಿ ನಕ್ಷತ್ರಗಳು ಹತ್ತಿರ ಬಂದಾಗ ಅವುಗಳ ಕಾಂತಕ್ಷೇತ್ರಗಳು ಢಿಕ್ಕಿಯಾಗಿ ಮಿಲಿಮೀಟರ್ ಮಿಂಚು ಹೊಮ್ಮುತ್ತದೆ. ಅದಕ್ಕೂ ಧೂಳಿಗೂ ಸಂಬಂಧವೇ ಇಲ್ಲ.

ಎಲ್ಲರಿಗೂ ತೆರೆದಿರುವ ದತ್ತಾಂಶದಿಂದ ಶುರುಮಾಡುವುದು ಹೇಗೆ?

ನಿಯೋವೈಸ್‌ನಿಂದ ಶುರುಮಾಡಿ, ಅದು ನಾಸಾದ ಅವಗೆಂಪು ಬಾಹ್ಯಾಕಾಶ ದೂರದರ್ಶಕ. 2013ರ ಡಿಸೆಂಬರ್‌ನಿಂದ 2024ರ ವರೆಗೆ ಅದು ಆಗಸದ ಪ್ರತಿ ಜಾಗವನ್ನು ಸುಮಾರು ಆರು ತಿಂಗಳಿಗೊಮ್ಮೆ 3.4 ಮತ್ತು 4.6 ಮೈಕ್ರಾನ್‌ನಲ್ಲಿ ನೋಡಿದೆ. ಪ್ರತಿ ಭೇಟಿಯಲ್ಲೂ ಹತ್ತಕ್ಕೂ ಹೆಚ್ಚು ಬಿಡಿ ಚಿತ್ರಗಳಿರುತ್ತವೆ. ಬಿಡಿ ಚಿತ್ರಗಳ ಪಟ್ಟಿ ಇಳಿಸಿಕೊಂಡು, ಚಂದ್ರನ ಬೆಳಕು ಬಿದ್ದವು ಮತ್ತು ಗುಣಮಟ್ಟದ ಅಂಕ ಕಡಿಮೆಯಿರುವವನ್ನು ತೆಗೆದುಹಾಕಿ. ಪ್ರತಿ ಭೇಟಿಗೆ ಮಧ್ಯಾಂಕ ತೆಗೆದುಕೊಳ್ಳಿ, ಭೇಟಿಯೊಳಗಿನ ಚೆದುರನ್ನೂ ಬರೆದಿಡಿ. 3.4 ಮೈಕ್ರಾನ್‌ನಲ್ಲಿ 8ನೇ ಕಾಂತಿಮಾನಕ್ಕಿಂತ ಪ್ರಕಾಶಮಾನವಾದ ನಕ್ಷತ್ರಗಳು ಪತ್ತೆಕವನ್ನು ತುಂಬಿ ತುಳುಕಿಸುತ್ತವೆ, ಅಲ್ಲಿ ಕಾಣುವ ಸಣ್ಣ ಏರಿಳಿತವನ್ನು ನಂಬಬೇಡಿ.

ಗೋಚರ ಬೆಳಕಿಗೆ ಕ್ಯಾಲಿಫೋರ್ನಿಯಾದ ದೂರದರ್ಶಕದಿಂದ ನಡೆಯುವ ಜ್ವಿಕಿ ಸಮೀಕ್ಷೆ ಇದೆ, 2018ರಿಂದ. ದೋಷ ಸೂಚಕ ಸೊನ್ನೆ ಇರುವ ಅಳತೆಗಳನ್ನು ಮಾತ್ರ ಇಟ್ಟುಕೊಳ್ಳಿ. ಸುಮಾರು 13ನೇ ಕಾಂತಿಮಾನಕ್ಕಿಂತ ಪ್ರಕಾಶಮಾನವಾದವಕ್ಕೆ ಅದು ಹೊಂದದು.

ಗ್ರಹ ಹುಡುಕುವ ನಾಸಾದ ಬಾಹ್ಯಾಕಾಶ ದೂರದರ್ಶಕ ಟೆಸ್‌ನ ದತ್ತಾಂಶದಲ್ಲಿ ಎಚ್ಚರ ಹೆಚ್ಚು ಬೇಕು. ಅದರ ಒಂದು ಚಿತ್ರಬಿಂದು 21 ಆರ್ಕ್‌ಸೆಕೆಂಡ್ ಅಗಲ, ನೆರೆಯ ನಕ್ಷತ್ರಗಳ ಬೆಳಕೆಲ್ಲ ಅದರೊಳಗೆ ಸೇರಿರುತ್ತದೆ. ಗ್ರಹ ಹುಡುಕಲೆಂದು ಸಿದ್ಧವಾದ ತಿದ್ದಿದ ಕಾಂತಿರೇಖೆಗಳು (ಕಾಲಕ್ಕೆ ತಕ್ಕಂತೆ ಹೊಳಪಿನ ನಕ್ಷೆಗಳು) ನಿಧಾನದ ಏರಿಳಿತವನ್ನು ಉಪಕರಣದ ದೋಷವೆಂದು ಬಗೆದು ಅಳಿಸಿಬಿಡುತ್ತವೆ. ಎಳೆಯ ನಕ್ಷತ್ರಕ್ಕೆ ಅದೇ ನಿಜವಾದ ಸಂಕೇತ! ತಿದ್ದದ ಅಳತೆಯನ್ನೇ ತೆಗೆದುಕೊಂಡು ಹಿನ್ನೆಲೆಯನ್ನು ನೀವೇ ಕಳೆಯಿರಿ. ಒಂದು ವಲಯದ ವೀಕ್ಷಣೆ ಸುಮಾರು 27 ದಿನ, ಹಾಗಾಗಿ 13 ದಿನಕ್ಕಿಂತ ಉದ್ದದ ಅವಧಿಯನ್ನು ಒಂದೇ ವಲಯದಿಂದ ಹೇಳಬೇಡಿ.

ಎರಡು ಉಪಕರಣಗಳ ಅಳತೆಗಳು ಹೊಂದದಿದ್ದರೆ ಅದು ನಿಜವಾದ ಬದಲಾವಣೆಯೇ?

ಮೊದಲು ಫಿಲ್ಟರ್‌ಗಳ ಅಲೆಯುದ್ದ ಒಂದೇ ಆಗಿದೆಯೇ ನೋಡಿ. ಆಮೇಲೆ ಎಷ್ಟು ಅಗಲದ ವೃತ್ತದೊಳಗಿನ ಬೆಳಕನ್ನು ಎಣಿಸಲಾಗಿದೆ ಎಂದು ನೋಡಿ. ಸುತ್ತ ನೀಹಾರಿಕೆ ಇದ್ದರೆ ಅಗಲ ವೃತ್ತ ಹೆಚ್ಚು ಬೆಳಕು ಎಣಿಸುತ್ತದೆ. ಜೋಡಿ ನಕ್ಷತ್ರವಾದರೆ ಒಂದು ಉಪಕರಣ ಎರಡನ್ನೂ ಸೇರಿಸಿ, ಇನ್ನೊಂದು ಒಂದನ್ನೇ ಅಳೆದಿರಬಹುದು. ಸೀಳುಗಂಡಿಯ ರೋಹಿತದರ್ಶಕದಲ್ಲಿ ನಕ್ಷತ್ರ ನಡುವಿನಿಂದ ಸರಿದಿದ್ದರೆ ಬೆಳಕು ಸೋರಿಹೋಗುತ್ತದೆ. ಇವನ್ನೆಲ್ಲ ದಾಟಿಯೂ ವ್ಯತ್ಯಾಸ ಉಳಿದರೆ, ಮತ್ತು ಅದೇ ಚಿತ್ರದ ಸ್ಥಿರ ನಕ್ಷತ್ರಗಳಲ್ಲಿ ಅಂಥ ವ್ಯತ್ಯಾಸ ಇಲ್ಲದಿದ್ದರೆ, ಬದಲಾವಣೆ ನಿಜ ಎನ್ನಬಹುದು.

ಸಣ್ಣ ದೂರದರ್ಶಕದಿಂದ ಉಪಯೋಗವಾಗುವ ಕೆಲಸ ಮಾಡಬಹುದೇ?

ಖಂಡಿತ. 2004ರ ಜನವರಿಯಲ್ಲಿ ಹವ್ಯಾಸಿ ಜೇ ಮೆಕ್‌ನೀಲ್ ಕೇವಲ 3 ಇಂಚಿನ ದೂರದರ್ಶಕದ ಚಿತ್ರದಲ್ಲಿ ಹೊಸ ನೀಹಾರಿಕೆಯೊಂದನ್ನು ಗುರುತಿಸಿದರು. ಅದನ್ನು ಬೆಳಗಿಸಿದ್ದು ಭುಗಿಲೆದ್ದ ವಿ1647 ಓರಿಯಾನಿಸ್.

20ರಿಂದ 30 ಸೆಂಟಿಮೀಟರ್ ದೂರದರ್ಶಕ, ಬಿ, ವಿ, ಆರ್, ಐ ಫಿಲ್ಟರ್‌ಗಳು ಮತ್ತು ತಂಪುಗೊಳಿಸಿದ ಕ್ಯಾಮೆರಾ ಇದ್ದರೆ 10ರಿಂದ 14ನೇ ಕಾಂತಿಮಾನದ ಎಷ್ಟೋ ಎಳೆಯ ನಕ್ಷತ್ರಗಳು ಕೈಗೆಟಕುತ್ತವೆ. ಗುರಿ 0.02 ಕಾಂತಿಮಾನದ ನಿಖರತೆ. ಪ್ರತಿ ರಾತ್ರಿ ಎಲ್ಲ ಫಿಲ್ಟರ್‌ಗಳಲ್ಲೂ ಬೆನ್ನುಬೆನ್ನಿಗೆ ಅಳೆಯಿರಿ. ಬಿ ಒಂದು ದಿನ, ವಿ ಮರುದಿನ ಅಳೆದರೆ ಅದು ಬಣ್ಣವಲ್ಲ. ದಿನಕ್ಕೊಂದು ಅಳತೆಯಾದರೂ ಎರಡು ತಿಂಗಳು ಬಿಡದೆ ಸಾಗಿದರೆ ಒಳ ಅಂಚಿನ ಹಲವು ಸುತ್ತುಗಳು ಸಿಗುತ್ತವೆ.

ಹೋಲಿಕೆಯ ನಕ್ಷತ್ರಗಳನ್ನು ಆಯುವಾಗ ಹುಷಾರಾಗಿರಿ. ನಕ್ಷತ್ರ ಹುಟ್ಟುವ ಪ್ರದೇಶದಲ್ಲಿ ನೆರೆಯವೂ ಎಳೆಯವೇ, ಅವೂ ಏರಿಳಿಯುತ್ತವೆ. ಕನಿಷ್ಠ ಐದನ್ನು ಆರಿಸಿ, ಒಂದನ್ನೊಂದಕ್ಕೆ ಹೋಲಿಸಿ, ಅಲುಗಾಡುವುದನ್ನು ಕೈಬಿಡಿ. ಕಾಲವನ್ನು ಸೂರ್ಯಕೇಂದ್ರಕ್ಕೆ ತಿದ್ದಿ ಬರೆಯಿರಿ: ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದರ ಮೇಲೆ ಬೆಳಕು 8 ನಿಮಿಷದ ತನಕ ಮೊದಲೋ ತಡವಾಗಿಯೋ ತಲುಪುತ್ತದೆ. ಬೇರೆ ವೀಕ್ಷಣಾಲಯದ ಅವಗೆಂಪು ಅಳತೆಯ ಜೊತೆ ನಿಮ್ಮದನ್ನು ಜೋಡಿಸಿ ವಿಳಂಬ ಹುಡುಕುವವರಿಗೆ ಆ 8 ನಿಮಿಷ ದೊಡ್ಡದು.